ಮಾವನವರು ಕೈ ಎತ್ತಿದ ದಿನ

ಆ ಮನೆಯ ಸೊಸೆ ಒಂದೇ ಪೇಪರಿನಲ್ಲಿ ಎರಡು ಸಲ ಡುಮ್ಕಿ ಹೊಡೆದಿದ್ದಳು. ಮೊದಲ ಸಲ ಹದಿನೆಂಟು ಅಂಕ, ಎರಡನೇ ಸಲ ಇಪ್ಪತ್ತನಾಲ್ಕು. ಪಾಸಾಗಲು ನಲವತ್ತು ಬೇಕು.

"ಸಲಕ್ಕೆ ಆರು ಮಾರ್ಕ್ಸ್ ಏರ್ತಿದೆ. ಇನ್ನು ಮೂರು ಸಲ ಕೂತರೆ ದಡ ಸೇರ್ತಾಳೆ ಬಿಡಿ," ಎಂದರು ಅತ್ತೆ, ಆಲೂಗಡ್ಡೆಯ ಸಿಪ್ಪೆ ತೆಗೆಯುತ್ತಾ.

"ಮೂರು ಸಲ ಎಲ್ಲಿಂದ ಬರ್ಬೇಕು ಅತ್ತೆ? ಇದೇ ಕೊನೇದು. ಇದ್ರಲ್ಲೂ ಹೋದ್ರೆ ಕಾಲೇಜಿನಿಂದ ಹೆಸರೇ ತೆಗೆದುಹಾಕ್ತಾರೆ," ಎಂದಳು ಸೊಸೆ.

ಅವಳು ಒಂಬತ್ತು ವರ್ಷದಿಂದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಸಹಾಯಕಿ. ಗಾಜಿನ ಕೊಳವೆಗಳನ್ನು ತೊಳೆಯುವುದು, ಚೀಟಿ ಅಂಟಿಸುವುದು, ಬೆಳಗ್ಗೆ ಯಂತ್ರ ಸರಿಯಾಗಿದೆಯೇ ಎಂದು ನೋಡುವುದು ಅವಳ ಕೆಲಸ. ರೋಗಿಯ ಕೈಗೆ ಸೂಜಿ ಹಾಕುವ ಹಾಗಿಲ್ಲ, ವರದಿಗೆ ಸಹಿ ಮಾಡುವ ಹಾಗಿಲ್ಲ. ಅದಕ್ಕೆ ಡಿಪ್ಲೊಮಾ ಬೇಕು. ಆನ್‌ಲೈನ್ ಕಾಲೇಜಿಗೆ ಸೇರಿ, ಎರಡು ವರ್ಷ ಒದ್ದಾಡಿ, ಆರು ಪೇಪರುಗಳಲ್ಲಿ ಐದನ್ನು ದಾಟಿದ್ದಳು. ಉಳಿದದ್ದು ಸಂಖ್ಯಾಶಾಸ್ತ್ರ. ಅದು ಅವಳ ಪಾಲಿಗೆ ಕಬ್ಬಿಣದ ಕಡಲೆಯಾಗಿತ್ತು. ಲ್ಯಾಬಿನ ಹಿರಿಯ ತಂತ್ರಜ್ಞ ಕೆಲವು ತಿಂಗಳಲ್ಲಿ ಕೆಲಸ ಬಿಡುವವರಿದ್ದರು. "ಅಷ್ಟರಲ್ಲಿ ಡಿಪ್ಲೊಮಾ ತಂದ್ರೆ ಆ ಕುರ್ಚಿ ನಿಮಗೆ. ಇಲ್ಲದಿದ್ರೆ ಹೊರಗಿನವರನ್ನು ತಗೋಬೇಕಾಗುತ್ತೆ," ಎಂದು ಲ್ಯಾಬಿನ ಡಾಕ್ಟರು ನೇರವಾಗಿ ಹೇಳಿದ್ದರು.

ಅವಳ ಗಂಡನಿಗೆ ಸೋಫಾ ರಿಪೇರಿಯ ಅಂಗಡಿ. ಒಳ್ಳೆಯ ಮನುಷ್ಯ, ಆದರೆ ಸಮಾಧಾನ ಹೇಳುವ ಕಲೆ ಅವನಿಗೆ ದೇವರು ಕೊಟ್ಟಿರಲಿಲ್ಲ. "ಆಗದಿದ್ರೆ ಬಿಟ್ಬಿಡು. ಯಾರು ಹಿಡ್ಕೊಂಡಿದಾರೆ ನಿನ್ನ?" ಎಂದು ಊಟದ ಮಧ್ಯೆ ಹೇಳಿಬಿಟ್ಟ.

"ರೀ, ಐದು ಪೇಪರ್ ಪಾಸಾದಾಗ ಏನೂ ಅನ್ಲಿಲ್ಲ. ಈಗ ಬಿಡು ಅಂತೀರಾ?"

"ನಿನ್ನ ಮುಖ ನೋಡೋಕಾಗ್ತಿಲ್ಲ ಅಂತ ಹೇಳ್ದೆ."

"ಹಾಗಾದ್ರೆ ತಟ್ಟೆ ನೋಡ್ಕೊಂಡು ಊಟ ಮಾಡಿ."

ಎಂಟು ವರ್ಷದ ಮಗಳು ಕಿಸಕ್ಕನೆ ನಕ್ಕಳು. ಏನಾದರೂ ಬೇಕಾದರೆ ಒಂದೇ ಸ್ವರದಲ್ಲಿ ಗಂಟೆಗಟ್ಟಲೆ ರಾಗ ಎಳೆಯುತ್ತಾಳೆಂದು ಅವಳನ್ನು ಮನೆಯವರೆಲ್ಲ ಪಿಟೀಲು ಎಂದೇ ಕರೆಯುತ್ತಿದ್ದರು.

ತರಗತಿ ವಾರಕ್ಕೆ ಐದು ದಿನ, ಸಂಜೆ ಆರರಿಂದ ಏಳು. ಒಟ್ಟು ನಲವತ್ತು ತರಗತಿ. ಅದರಲ್ಲಿ ಮೂವತ್ತಕ್ಕಾದರೂ ಹಾಜರಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಪಾಠ ಮಾಡುವ ಮೇಡಂ ಎಲ್ಲೋ ದೂರದ ಊರಿನವರು. ಅವರ ಎದುರು ನೂರ ನಲವತ್ತು ವಿದ್ಯಾರ್ಥಿಗಳು, ಬರೀ ಹೆಸರುಗಳು, ಮುಖ ಯಾರದ್ದೂ ಕಾಣುವುದಿಲ್ಲ. ಹದಿನೈದು ನಿಮಿಷಕ್ಕೊಮ್ಮೆ ಪರದೆಯ ಮೇಲೆ "ನೀವು ಇದ್ದೀರಾ?" ಎಂಬ ಪ್ರಶ್ನೆ ಬರುತ್ತದೆ. ಒತ್ತಿದರೆ ಇದ್ದಂತೆ, ಒತ್ತದಿದ್ದರೆ ಇಲ್ಲದಂತೆ.

ಎರಡನೇ ವಾರ ಒಂದು ದಿನ ಲ್ಯಾಬಿನಲ್ಲಿ ಕೆಲಸ ಮುಗಿಯಲು ಆರೂವರೆ ಆಗುವಂತಿತ್ತು. ಆರಕ್ಕೆ ಐದು ನಿಮಿಷವಿರುವಾಗ ಅವಳು ಮನೆಗೆ ಫೋನ್ ಮಾಡಿದಳು. ಎತ್ತಿದ್ದು ಮಾವನವರು.

"ಮಾವ, ಲ್ಯಾಪ್‌ಟಾಪ್ ತೆಗೆದಿಟ್ಟು ಅದರ ಮುಂದೆ ಕೂತಿರ್ತೀರಾ? ನೀವು ಇದ್ದೀರಾ ಅಂತ ಕೇಳುತ್ತೆ. ಹೌದು ಅಂತ ಒತ್ತಿ, ಅಷ್ಟೇ."

"ಇದ್ದೀನಲ್ಲಮ್ಮ, ಎಲ್ಲಿಗೆ ಹೋಗ್ಲಿ?" ಎಂದರು ಮಾವನವರು.

ಅವರು ಮೂವತ್ತಾರು ವರ್ಷ ಒಂದು ಅಚ್ಚುಕೂಟದಲ್ಲಿ ಕರಡು ತಿದ್ದಿದವರು. ಅಚ್ಚುಕೂಟ ಮುಚ್ಚಿ ಏಳು ವರ್ಷವಾಗಿತ್ತು, ಕೆಂಪು ಪೆನ್ನು ಮಾತ್ರ ಜೇಬು ಬಿಟ್ಟಿರಲಿಲ್ಲ. ಹಾಲಿನ ಪೊಟ್ಟಣ, ಮಾತ್ರೆಯ ಚೀಟಿ, ಮೊಮ್ಮಗಳ ಶಾಲೆಯಿಂದ ಬಂದ ಸುತ್ತೋಲೆ, ಯಾವುದು ಸಿಕ್ಕರೂ ಓದಿ ತಪ್ಪಿಗೆ ಸುತ್ತು ಹಾಕುತ್ತಿದ್ದರು. ಒಮ್ಮೆ ಮದುವೆಯ ಕರೆಯೋಲೆಯನ್ನು ತಿದ್ದಿ ಕರೆದವರಿಗೇ ವಾಪಸು ಕೊಟ್ಟಿದ್ದರಿಂದ ಒಂದು ನೆಂಟಸ್ತಿಕೆಯೇ ಕಡಿದುಹೋಗಿತ್ತು. ಅವರಿಗೆ ಅದರ ಬಗ್ಗೆ ಪಶ್ಚಾತ್ತಾಪವಿರಲಿಲ್ಲ. "ತಪ್ಪಿತ್ತು, ತಿದ್ದಿದೆ," ಎನ್ನುತ್ತಿದ್ದರು.

ಒಂದು ದಿನದ ಏರ್ಪಾಡು ಎರಡು ದಿನವಾಯಿತು, ಆಮೇಲೆ ಅದೇ ರೂಢಿಯಾಯಿತು. ಸೊಸೆ ಬೇಗ ಬಂದ ದಿನವೂ, "ಮಾವ, ಇವತ್ತೊಂದಿನ ನೀವೇ ಕೂತ್ಕೊಳ್ಳಿ, ಬಟ್ಟೆ ರಾಶಿ ಬಿದ್ದಿದೆ," ಎಂದು ಹಿಂದಿನ ಅಂಗಳಕ್ಕೆ ಹೋಗಿಬಿಡುತ್ತಿದ್ದಳು. ಬಟ್ಟೆ ಒಗೆದರೆ ಒಗೆದದ್ದು ಕಣ್ಣಿಗೆ ಕಾಣುತ್ತದೆ. ಆ ಪಾಠದ ಮುಂದೆ ಒಂದು ಗಂಟೆ ಕೂತರೆ ಎದ್ದಾಗ ಕೈಗೆ ಏನೂ ಹತ್ತಿರುವುದಿಲ್ಲ.

ಮಾವನವರು ಮಾತ್ರ ಸುಮ್ಮನೆ ಒತ್ತುತ್ತಾ ಕೂರುವ ಆಸಾಮಿಯಲ್ಲ. ಇನ್ನೂರು ಪುಟದ ನೋಟ್‌ಬುಕ್ ತರಿಸಿಕೊಂಡು ಮೇಡಂ ಹೇಳಿದ್ದನ್ನೆಲ್ಲ ದುಂಡಗಿನ ಅಕ್ಷರದಲ್ಲಿ ಬರೆದುಕೊಂಡರು. ಅಡುಗೆಮನೆಯಲ್ಲಿ ಒಂದು ಚಮಚ ಬಿದ್ದರೆ "ಶ್" ಎನ್ನುತ್ತಿದ್ದರು.

"ನಲವತ್ತು ವರ್ಷದಲ್ಲಿ ನನ್ನ ಮಾತನ್ನ ಒಂದಿನಾದ್ರೂ ಹೀಗೆ ಕಿವಿಗೊಟ್ಟು ಕೇಳಿದ್ರಾ?" ಎಂದು ಅತ್ತೆ ಕೇಳಿದರು.

"ನಿನ್ನ ಮಾತಿಗೆ ಪರೀಕ್ಷೆ ಇಲ್ಲವಲ್ಲ," ಎಂದರು ಮಾವನವರು.

"ದಿನಾ ಪರೀಕ್ಷೆನೇ," ಎಂದು ಅತ್ತೆ ಬಾಣಲೆಯನ್ನು ಬೇಕೆಂದೇ ಸ್ವಲ್ಪ ಜೋರಾಗಿ ಇಟ್ಟರು.

ಒಂದು ರಾತ್ರಿಯೂಟಕ್ಕೆ ಬೇಯಿಸಿದ ಮೊಟ್ಟೆ, ಆಲೂಗಡ್ಡೆ. ಮಾವನವರು ಸೊಸೆಯ ಕಡೆ ತಿರುಗಿ, "ಅಲ್ಲಮ್ಮ, ಎಲ್ಲಾ ಕೂಡಿಸಿದ ಮೇಲೆ ಎಣಿಕೆಯಲ್ಲಿ ಒಂದು ಕಳೆದು ಅದರಿಂದ ಭಾಗಿಸ್ಬೇಕು ಅಂತಾರಲ್ಲ, ಆ ಒಂದನ್ನ ಯಾಕೆ ಕಳೀಬೇಕು?" ಎಂದರು.

ಅವಳಿಗೆ ಗೊತ್ತಿರಲಿಲ್ಲ. "ಊಟದ ಹೊತ್ತಲ್ಲೂ ಅದೇನಾ ಮಾವ?" ಎಂದು ತಟ್ಟೆ ಎತ್ತಿಕೊಂಡು ಎದ್ದುಬಿಟ್ಟಳು. ಮಾವನವರು ಅವಳು ಹೋಗುವುದನ್ನೇ ನೋಡಿದರು. ಅವರ ನೋಟ್‌ಬುಕ್ಕನ್ನು ಅವಳು ಒಂದು ದಿನವೂ ತೆರೆದಿಲ್ಲವೆಂಬುದು ಅವರಿಗೆ ಗೊತ್ತಿತ್ತು. ಕೇಳಲು ಬಾಯಿ ಬಂದಿರಲಿಲ್ಲ.

ನಾಲ್ಕನೇ ವಾರದ ಕೊನೆಯ ದಿನ. ಸೊಸೆ ಇನ್ನೂ ಲ್ಯಾಬಿನಲ್ಲಿದ್ದಳು. ಅತ್ತೆ ಬೇಳೆ ಬೇಯಿಸುತ್ತಿದ್ದರು, ಪಿಟೀಲು ತಾತನ ಪಕ್ಕ ಕೂತು ಬಣ್ಣ ಹಚ್ಚುತ್ತಿದ್ದಳು. ಮೇಡಂ ಹೊಸ ಪಾಠ ತೆಗೆದರು. ಪರದೆಯ ನೆತ್ತಿಯ ಮೇಲೆ ದಪ್ಪ ಅಕ್ಷರದಲ್ಲಿ "ಮಾನಕ ವಿಚಾರಣೆ" ಎಂದಿತ್ತು.

ಮಾವನವರು ಕನ್ನಡಕ ಒರೆಸಿ ಮತ್ತೆ ನೋಡಿದರು. ಮೇಡಂ ಬಾಯಲ್ಲಿ ಹೇಳುತ್ತಿದ್ದುದು ವಿಚಲನೆ ಎಂದು. ಪರದೆಯಲ್ಲಿದ್ದುದು ವಿಚಾರಣೆ. ಎರಡನೇ ಪುಟದಲ್ಲೂ ವಿಚಾರಣೆ. ಮೂರನೇ ಪುಟದಲ್ಲೂ ವಿಚಾರಣೆ. ಅವರು ಜೇಬಿನ ಪೆನ್ನು ಮುಟ್ಟಿಕೊಂಡರು, ಪರದೆಗೆ ಸುತ್ತು ಹಾಕುವಂತಿಲ್ಲ. "ಯಾರಿಗಾದ್ರೂ ಏನಾದ್ರೂ ಕೇಳೋದಿದ್ರೆ ಕೈ ಎತ್ತಿ," ಎಂದರು ಮೇಡಂ ಎಂದಿನಂತೆ. ನಾಲ್ಕು ವಾರದಲ್ಲಿ ನೂರ ನಲವತ್ತು ಜನರಲ್ಲಿ ಒಬ್ಬರೂ ಎತ್ತಿರಲಿಲ್ಲ. ಪರದೆಯ ಮೂಲೆಯಲ್ಲಿ ಒಂದು ಪುಟ್ಟ ಹಳದಿ ಕೈ ಇತ್ತು. ಮಾವನವರು ಅದನ್ನು ಒತ್ತಿದರು.

"ಓ, ಒಬ್ಬರು ಕೈ ಎತ್ತಿದ್ದಾರೆ. ಕೇಳಿ, ಕೇಳಿ," ಎಂದು ಮೇಡಂ ಸಂತೋಷದಿಂದ ಸೊಸೆಯ ಹೆಸರು ಹಿಡಿದು ಕರೆದರು.

"ನಮಸ್ಕಾರ. ಮೂರು ಪುಟದಿಂದ ನೋಡ್ತಿದೀನಿ. ವಿಚಲನೆ ಅಂತ ಇರ್ಬೇಕಾದ್ದು ವಿಚಾರಣೆ ಅಂತ ಬಿದ್ದಿದೆ. ವಿಚಾರಣೆ ಪೊಲೀಸ್ ಠಾಣೇಲಿ ನಡೆಯೋದು. ದಯವಿಟ್ಟು ತಿದ್ದಿ," ಎಂದರು ಮಾವನವರು, ಗಂಟಲು ಸರಿಮಾಡಿಕೊಂಡು.

ಮೇಡಂ ತಮ್ಮ ಪುಟಗಳನ್ನು ಹಿಂದಕ್ಕೆ ತಿರುಗಿಸಿ ನೋಡಿದರು. ಆಮೇಲೆ, "ನೀವು ಯಾರು ಮಾತಾಡ್ತಿರೋದು?"

ಇಲ್ಲಿ ಒಂದು ಸುಳ್ಳು ಹೇಳಿದ್ದರೆ ಕಥೆಯೇ ಇರುತ್ತಿರಲಿಲ್ಲ. ಆದರೆ ತಪ್ಪು ತಿದ್ದಲು ಬಾಯಿ ತೆರೆದವರು ಅದೇ ಬಾಯಲ್ಲಿ ಸುಳ್ಳು ಹೇಳುವುದು ಹೇಗೆ? "ನಾನು ಅವಳ ಮಾವ. ಅವಳು ಇನ್ನೂ ಕೆಲಸದಿಂದ ಬಂದಿಲ್ಲ. ಅವಳ ಬದಲು ಕೂತಿದೀನಿ," ಎಂದರು.

"ಇದೇ ಮೊದಲ ಸಲನಾ?"

"ಇವತ್ತಿಗೆ ಒಂಬತ್ತನೇದು," ಎಂದರು ಮಾವನವರು. ಅವರು ನೋಟ್‌ಬುಕ್ಕಿನಲ್ಲಿ ದಿನಾಂಕ ಸಮೇತ ಬರೆದಿದ್ದರು.

"ಆಕೆ ಬಂದ ಮೇಲೆ ನನಗೆ ಫೋನ್ ಮಾಡಕ್ಕೆ ಹೇಳಿ," ಎಂದು ಮೇಡಂ ಪಾಠ ಮುಂದುವರಿಸಿದರು. ಉಳಿದ ನೂರ ಮೂವತ್ತೊಂಬತ್ತು ಜನ ಇದನ್ನೆಲ್ಲ ಕೇಳಿಸಿಕೊಂಡಿದ್ದರು.

ಸೊಸೆ ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲಿ ಪಿಟೀಲು ಓಡಿಬಂದಳು. "ಅಮ್ಮ, ತಾತ ಕೈ ಎತ್ತಿದ್ರು."

ಆ ಮನೆಯಲ್ಲಿ ಯಾರೂ ಯಾರ ಮೇಲೂ ಕೈ ಎತ್ತಿದವರಲ್ಲ. "ಯಾರ ಮೇಲೆ?"

"ಮೇಡಂ ಮೇಲೆ."

ಎಲ್ಲ ತಿಳಿದ ಮೇಲೆ ಅವಳು ಅಲ್ಲೇ ಕೂತುಬಿಟ್ಟಳು. ಮಾವನವರು ಗೋಡೆಗೆ ಒರಗಿ ನಿಂತಿದ್ದರು. "ತಪ್ಪಿತ್ತು ಕಣಮ್ಮ," ಎಂದರು, ಇದುವರೆಗೆ ಎಲ್ಲರಿಗೂ ಹೇಳಿದ ಹಾಗೆ, ಆದರೆ ದನಿಯಲ್ಲಿ ಜೋರಿರಲಿಲ್ಲ.

"ಇದ್ರೆ ಇರ್ಲಿ ಅಂತ ಬಿಡೋಕೆ ಆಗ್ಲಿಲ್ವಾ ಮಾವ? ಒಂದಕ್ಷರಕ್ಕೆ ನನ್ನ ಅನ್ನಕ್ಕೆ ಕಲ್ಲು ಹಾಕಿದ್ರಲ್ಲ. ಮೋಸ ಮಾಡಿದ್ಲು ಅಂತ ಹೆಸರು ಹೊಡೆದುಹಾಕ್ತಾರೆ ಈಗ. ಒಂಬತ್ತು ವರ್ಷ ಕೊಳವೆ ತೊಳೆದಿದೀನಿ, ಇನ್ನು ಸಾಯೋವರೆಗೂ ಅದನ್ನೇ ತೊಳೀತೀನಿ."

"ಅಪ್ಪನಿಗೆ ಯಾಕೆ ಬೈತೀಯ? ಕೂರ್ಸಿದ್ದು ನೀನು ತಾನೇ?" ಎಂದ ಗಂಡ, ಅಂಗಡಿಯಿಂದ ಆಗಷ್ಟೇ ಬಂದವನು.

"ನೀನು ಸುಮ್ನಿರೋ. ಬಂದ ತಕ್ಷಣ ನ್ಯಾಯ ಹೇಳೋಕೆ ನಿಂತ," ಎಂದು ಅತ್ತೆ ಮಗನಿಗೆ ಗದರಿದರು. ಮಾವನವರ ಕಡೆ ತಿರುಗಿ, "ನಿಮಗೂ ಅಷ್ಟೇ. ಲೋಕದ ತಪ್ಪೆಲ್ಲ ತಿದ್ದೋಕೆ ನಿಮಗೇನು ಗುತ್ತಿಗೆ ಕೊಟ್ಟಿದಾರಾ?" ಎಂದರು. ಆ ರಾತ್ರಿ ಬೇಳೆ ಪಾತ್ರೆಯಲ್ಲೇ ಆರಿತು. ಊಟ ಮಾಡಿದ್ದು ಪಿಟೀಲು ಒಬ್ಬಳೇ.

ಶನಿವಾರ ಅವಳು ಫೋನ್ ಮಾಡಲಿಲ್ಲ. ಭಾನುವಾರವೂ ಮಾಡಲಿಲ್ಲ. ಮಾವನವರು ಎರಡು ದಿನ ಅರ್ಧ ಹೊಟ್ಟೆ ಉಂಡರು, ಪತ್ರಿಕೆಯನ್ನು ಬಿಡಿಸದೆ ಮಡಿಸಿಟ್ಟರು. ಭಾನುವಾರ ಮಧ್ಯಾಹ್ನ ಸೊಸೆ ಪಾತ್ರೆ ಉಜ್ಜುತ್ತಿದ್ದಾಗ ಅತ್ತೆ ಅವಳ ಮೊಬೈಲನ್ನು ತಂದು ಕಟ್ಟೆಯ ಮೇಲಿಟ್ಟರು.

"ಮಾಡು."

"ಏನಂತ ಹೇಳ್ಲಿ ಅತ್ತೆ?"

"ಇದ್ದದ್ದು ಇದ್ದ ಹಾಗೆ. ಬೈದ್ರೆ ಬೈಸ್ಕೋ. ಬೈಸ್ಕೊಂಡು ಯಾರೂ ಸತ್ತಿಲ್ಲ. ಈ ಮನೇಲಿ ಮೂವರು ಮುಖ ಊದಿಸ್ಕೊಂಡು ಓಡಾಡ್ತಿದ್ರೆ ನಂಗೆ ಅಡುಗೆ ಮಾಡಕ್ಕೇ ಮನಸಿಲ್ಲ."

ಸೊಸೆಯ ಕೈ ಸೋಪಿನಿಂದ ಜಾರುತ್ತಿತ್ತು. ಅತ್ತೆಯೇ ನಂಬರು ಒತ್ತಿ, ಸ್ಪೀಕರ್ ಹಾಕಿ, ಗ್ಯಾಸಿನ ಒಲೆಯ ಪಕ್ಕಕ್ಕೆ ಒರಗಿಸಿ ನಿಲ್ಲಿಸಿದರು. ತಾವು ಅಲ್ಲೇ ಕೂತು ಸೊಪ್ಪು ಬಿಡಿಸತೊಡಗಿದರು.

ಸೊಸೆ ಅತ್ತು ಕರೆದು ಎಲ್ಲ ಹೇಳಿದ್ದನ್ನು ಮೇಡಂ ಕೊನೆಯವರೆಗೆ ಕೇಳಿಸಿಕೊಂಡರು. ಆಮೇಲೆ ಹೇಳಿದರು: "ಆ ಒಂಬತ್ತು ಹಾಜರಿ ಹೊಡೆದುಹಾಕ್ತೀನಿ. ಅದರಲ್ಲಿ ಮಾತಿಲ್ಲ. ನೀವು ಬಂದಿದ್ದು ಹನ್ನೊಂದು, ಉಳಿದ ಇಪ್ಪತ್ತಕ್ಕೂ ನೀವೇ ಬಂದ್ರೆ ಒಟ್ಟು ಮೂವತ್ತೊಂದಾಗುತ್ತೆ. ಒಂದೇ ಒಂದು ತಪ್ಪಿಸಬಹುದು. ಕಾಲೇಜಿಗೆ ಬರೆಯೋದಿಲ್ಲ. ನಿಮ್ಮ ಮಾವ ನೂರಾರು ಜನರ ಎದುರು ನಿಜ ಹೇಳಿದ್ರು, ಅದಕ್ಕೆ."

"ತುಂಬಾ ಉಪಕಾರ ಆಯ್ತು ಮೇಡಂ."

"ಇರಿ, ಇಡಬೇಡಿ. ವಿಚಾರಣೆ ಮುಗೀತು, ಈಗ ವಿಚಲನೆಗೆ ಬರೋಣ. ಪಾಠ ಅರ್ಥ ಆಗ್ತಿದೆಯಾ?"

ಸೊಸೆ ಅತ್ತೆಯ ಕಡೆ ನೋಡಿದಳು. ಅತ್ತೆ ಸೊಪ್ಪಿನಿಂದ ಕಣ್ಣೆತ್ತಲಿಲ್ಲ. "ಇಲ್ಲ ಮೇಡಂ. ಗೊತ್ತಾಗ್ತಿಲ್ಲ."

"ಎಲ್ಲಿಂದ ಗೊತ್ತಾಗ್ತಿಲ್ಲ?"

"ಮೊದಲನೇ ಪಾಠದಿಂದ."

"ಒಳ್ಳೇದಾಯ್ತು. ಎಲ್ಲಿಂದ ಶುರು ಮಾಡ್ಬೇಕು ಅಂತ ಹುಡುಕೋದು ತಪ್ತು," ಎಂದರು ಮೇಡಂ. "ನೀವು ಲ್ಯಾಬಲ್ಲಿ ಏನು ಕೆಲಸ ಮಾಡ್ತೀರಿ? ಬೆಳಗ್ಗೆ ಹೋದ ಕೂಡಲೇ ಏನು ಮಾಡ್ತೀರಿ, ಅಲ್ಲಿಂದ ಹೇಳಿ."

ಅವಳು ಹೇಳಿದಳು. ಒಂದು ಸೀಸೆಯಲ್ಲಿ ಅಳತೆ ಗೊತ್ತಿರುವ ದ್ರವ ಇರುತ್ತದೆ. ದಿನಾ ಬೆಳಗ್ಗೆ ಅದನ್ನು ಯಂತ್ರಕ್ಕೆ ಹಾಕಿ, ಬಂದ ಸಂಖ್ಯೆಯನ್ನು ಗೋಡೆಯ ಮೇಲಿನ ಹಾಳೆಯಲ್ಲಿ ಒಂದು ಚುಕ್ಕಿ ಇಟ್ಟು ಗುರುತಿಸಬೇಕು. ಯಂತ್ರ ನೆಟ್ಟಗಿದೆಯೇ ಎಂದು ಅದರಿಂದ ತಿಳಿಯುತ್ತದೆ.

"ಹಾಳೆ ಮೇಲೆ ಗೆರೆಗಳಿವೆಯಾ?"

"ನಡುವೆ ನೀಲಿ ಗೆರೆ ಮೇಡಂ, ಅದು ನೂರು. ಮೇಲೊಂದು ಕೆಳಗೊಂದು ಕೆಂಪು ಗೆರೆ."

"ಚುಕ್ಕಿ ದಿನಾ ನೂರಕ್ಕೇ ಬೀಳುತ್ತಾ?"

"ಎಲ್ಲಿ ಬೀಳುತ್ತೆ. ಒಂದಿನ ತೊಂಬತ್ತೆಂಟು, ಒಂದಿನ ನೂರ ಮೂರು. ಅಷ್ಟು ಆಚೀಚೆ ಇದ್ದೇ ಇರುತ್ತೆ."

"ಎಷ್ಟು ಆಚೀಚೆ ಆದ್ರೆ ನೀವು ಸುಮ್ನಿರ್ತೀರಿ?"

"ಕೆಂಪು ಗೆರೆ ದಾಟಬಾರದು. ದಾಟಿದ್ರೆ ಅವತ್ತು ಒಂದು ವರದಿನೂ ಕೊಡಲ್ಲ, ಡಾಕ್ಟರನ್ನ ಕರೀತೀನಿ."

"ಆ ಕೆಂಪು ಗೆರೆನ ಅಲ್ಲೇ ಯಾಕೆ ಎಳೆದಿದಾರೆ?"

"ಡಾಕ್ಟರು ಎಳೆದಿದ್ದು ಮೇಡಂ."

ಮೇಡಂ ನಕ್ಕರು. "ಡಾಕ್ಟರು ಕೈಗೆ ಬಂದ ಹಾಗೆ ಎಳೆದಿಲ್ಲ. ಆ ನೀಲಿ ಗೆರೆನೇ ಸರಾಸರಿ. ನೀವು ಈಗ ಆಚೀಚೆ ಅಂದ್ರಲ್ಲ, ಅದನ್ನ ಅಳೆಯೋ ಕೋಲೇ ಮಾನಕ ವಿಚಲನೆ. ಅಂಥ ಎರಡು ಕೋಲು ಮೇಲೆ, ಎರಡು ಕೋಲು ಕೆಳಗೆ, ಅಲ್ಲಿ ಕೆಂಪು ಗೆರೆ. ಒಂಬತ್ತು ವರ್ಷದಿಂದ ಈ ಪಾಠನ ನೀವು ಕೈಯಲ್ಲಿ ಮಾಡ್ತಿದ್ದೀರಿ. ನಾಳೆ ಆ ಹಾಳೆದು ಒಂದು ಫೋಟೋ ಕಳಿಸಿ. ಇನ್ಮೇಲೆ ಶನಿವಾರ ಬೆಳಗ್ಗೆ ಅರ್ಧ ಗಂಟೆ ಫೋನ್ ಮಾಡಿ, ನಿಮ್ಮ ಹಾಳೆ ಇಟ್ಕೊಂಡೇ ಕಲಿಯೋಣ."

ಫೋನ್ ಇಟ್ಟ ಮೇಲೆ ಸೊಸೆ ಸೋಪಿನ ಕೈಯಲ್ಲೇ ಕಣ್ಣು ಒರೆಸಿಕೊಂಡು ಕಣ್ಣು ಉರಿಸಿಕೊಂಡಳು. ಅತ್ತೆ ನೀರು ತಂದುಕೊಟ್ಟರು. ಆಮೇಲೆ ಅವಳು ನೇರ ಮಾವನವರ ಕೋಣೆಗೆ ಹೋದಳು.

"ಮಾವ, ನಾನು ಅವತ್ತು ಆಡಬಾರದ್ದು ಆಡಿದೆ. ನಿಮ್ಮ ನೋಟ್‌ಬುಕ್ ಕೊಡ್ತೀರಾ?"

ಮಾವನವರು ದಿಂಬಿನ ಕೆಳಗಿಂದ ತೆಗೆದುಕೊಟ್ಟರು. ಮೇಡಂ ಆಡಿದ ಒಂದು ಮಾತನ್ನೂ ಅದರಲ್ಲಿ ಬಿಟ್ಟಿರಲಿಲ್ಲ. "ಇಲ್ಲಿ ಮೇಡಂ ಕೆಮ್ಮಿದರು", "ಇಲ್ಲಿ ಹೊರಗೆ ನಾಯಿ ಬೊಗಳಿದ್ದರಿಂದ ಒಂದು ವಾಕ್ಯ ಕೇಳಿಸಲಿಲ್ಲ, ಮೇಡಂ ಕಡೆಯ ನಾಯಿ" ಎಂಬುದನ್ನೂ ಬರೆದಿದ್ದರು. ಓದುತ್ತಾ ಓದುತ್ತಾ ಅವಳಿಗೆ ನಗು ಬಂತು. ವಾರಗಟ್ಟಲೆ ಆ ಪೇಪರಿನ ಹೆಸರೆತ್ತಿದರೆ ತಟ್ಟೆ ಎತ್ತಿಕೊಂಡು ಏಳುತ್ತಿದ್ದವಳು ನಗುತ್ತಿದ್ದಾಳೆಂದು ಗಂಡ ಬಾಗಿಲಿಗೆ ಬಂದು ಇಣುಕಿ ಹೋದ.

ಇಪ್ಪತ್ತು ತರಗತಿಗೆ ತಪ್ಪದೆ ಕೂರಬೇಕೆಂದರೆ ಮನೆಯ ಗಡಿಯಾರವನ್ನೇ ತಿರುಗಿಸಬೇಕಾಯಿತು. ಅವಳು ಡಾಕ್ಟರನ್ನು ಕೇಳಿದಳು. ಕೇಳಬಹುದೆಂದು ಇದುವರೆಗೆ ಹೊಳೆದೇ ಇರಲಿಲ್ಲ. "ಬೆಳಗ್ಗೆ ಏಳಕ್ಕೇ ಬಂದು ಕೊಳವೆ ತೊಳೆದುಬಿಡಿ, ಐದೂವರೆಗೆ ಹೊರಡಿ. ಮೊದಲೇ ಹೇಳೋದಲ್ವಾ?" ಎಂದರು ಅವರು. ಬೆಳಗಿನ ತಿಂಡಿ ಅತ್ತೆಯ ಪಾಲಿಗೆ ಬಂತು. ಶಾಲೆಯಿಂದ ಪಿಟೀಲನ್ನು ಕರೆತರುವುದು ಗಂಡನ ಪಾಲಿಗೆ. ಅವನು ಮೊದಲ ದಿನ ಬೇರೆ ಗೇಟಿನಲ್ಲಿ ಅರ್ಧ ಗಂಟೆ ಕಾದು, ಮಗಳ ಶಾಲೆಗೆ ಎರಡು ಗೇಟಿದೆಯೆಂದು ಆಗ ಕಲಿತ.

ಸಂಜೆ ಆರಕ್ಕೆ ಸೊಸೆ ಪರದೆಯ ಮುಂದೆ, ಪಕ್ಕದಲ್ಲಿ ಮಾವನವರು. "ನೀವ್ಯಾಕೆ ಇನ್ನೂ?" ಎಂದು ಅತ್ತೆ ಕೇಳಿದರೆ, "ಅರ್ಧಕ್ಕೆ ಬಿಟ್ಟರೆ ನಂಗೆ ನಿದ್ದೆ ಬರಲ್ಲ," ಎಂದರು. ಊಟಕ್ಕೆ ಕೂತಾಗ ಅವರು ಗೊತ್ತಿಲ್ಲದವರ ಹಾಗೆ ಒಂದೊಂದು ಪ್ರಶ್ನೆ ಕೇಳುತ್ತಿದ್ದರು, ಅವಳು ಹೇಳಿಕೊಡುತ್ತಿದ್ದಳು. ಹೇಳಿಕೊಡುವಾಗ ಎಲ್ಲಿ ತಡವರಿಸಿದಳೋ ಅಲ್ಲಿಗೆ ಶನಿವಾರ ಬೆಳಗ್ಗೆ ಮೇಡಂ ಕಡೆಯಿಂದ ಮದ್ದು.

"ಸರಾಸರಿ ಅಂದ್ರೆ ಏನೇ ಅದು?" ಎಂದು ಒಂದು ದಿನ ಅತ್ತೆಯೂ ಕೇಳಿದರು.

"ಎಲ್ಲಾ ಕೂಡಿಸಿ ಸಮನಾಗಿ ಹಂಚಿದ್ರೆ ತಲೆಗೆಷ್ಟು ಅನ್ನೋದು ಅತ್ತೆ."

"ಅಂದ್ರೆ ನಿನ್ನ ಗಂಡ ಎರಡು ಮೊಟ್ಟೆ ತಿಂದು ನಂಗೇನೂ ಉಳಿಸದಿದ್ರೆ, ಸರಾಸರಿ ನಾನೊಂದು ಮೊಟ್ಟೆ ತಿಂದ ಹಾಗಾ? ಚೆನ್ನಾಗಿದೆ ನಿಮ್ಮ ಶಾಸ್ತ್ರ."

"ಅದಕ್ಕೇ ಅತ್ತೆ, ಸರಾಸರಿ ಒಂದೇ ಸಾಲದು. ಯಾರು ಎಷ್ಟು ಆಚೀಚೆ ಇದಾರೆ ಅಂತಾನೂ ನೋಡ್ಬೇಕು."

"ನೋಡೋದೇನು, ಅವನು ಕೆಂಪು ಗೆರೆ ದಾಟಿದಾನೆ," ಎಂದು ಅತ್ತೆ ಮಗನ ತಟ್ಟೆಯಿಂದ ಒಂದು ಮೊಟ್ಟೆಯನ್ನು ಎತ್ತಿಕೊಂಡರು. ಮಾವನವರು ಅದನ್ನು ನೋಟ್‌ಬುಕ್ಕಿನಲ್ಲಿ ಉದಾಹರಣೆಯಾಗಿ ಬರೆದರು.

ತಪ್ಪಿಸಬಹುದಾಗಿದ್ದ ಒಂದೇ ಒಂದು ತರಗತಿ ಏಳನೇ ವಾರ ಪಿಟೀಲಿನ ಜ್ವರಕ್ಕೆ ಹೋಯಿತು. ಇನ್ನು ಒಂದೂ ಉಳಿದಿರಲಿಲ್ಲ. ಕೊನೆಯ ವಾರ ಐದೂ ಮುಕ್ಕಾಲಿಗೆ ಬೀದಿಗೆ ಬೀದಿಯೇ ಕರೆಂಟಿಲ್ಲ. ಗಂಡ ಅಂಗಡಿಯಿಂದ ಫೋನ್ ಮಾಡಿ, "ಇಲ್ಲಿದೆ ಕರೆಂಟು. ಬಾ ಬೇಗ," ಎಂದ. ಬಟ್ಟೆ ಕಿತ್ತು ಸ್ಪ್ರಿಂಗು ಹೊರಬಂದಿದ್ದ ಒಂದು ಸೋಫಾದ ಮೇಲೆ ಹಲಗೆ ಹಾಕಿ ಅವಳನ್ನು ಕೂರಿಸಿದ. ಒಬ್ಬ ಗಿರಾಕಿ ಬಂದು ಹೊಲಿಗೆ ಯಂತ್ರ ಯಾಕೆ ನಿಂತಿದೆ ಎಂದು ಕೇಳಿದರೆ, "ನಮ್ಮನೆಯವಳಿಗೆ ಕ್ಲಾಸ್ ಇದೆ. ಏಳಕ್ಕೆ ಬನ್ನಿ," ಎಂದು ಬಾಗಿಲಲ್ಲೇ ತಡೆದು ನಿಲ್ಲಿಸಿದ. ಯಾರು ಹಿಡ್ಕೊಂಡಿದಾರೆ ನಿನ್ನ ಎಂದು ಕೇಳಿದ್ದವನು ಅವನೇ. ಅವಳಿಗೆ ಆ ಹೊತ್ತು ಅವನ ಮೇಲೆ ಉಕ್ಕಿಬಂದ ಪ್ರೀತಿಗೆ ಪಾಠದ ಎರಡು ಸಾಲು ಕೇಳಿಸಲಿಲ್ಲ.

ಪರೀಕ್ಷೆ ಮುಗಿದು ಮೂರು ವಾರಕ್ಕೆ ಫಲಿತಾಂಶ ಬಂತು. ಐವತ್ತೇಳು. ಅವಳು ಮೂರು ಸಲ ನೋಡಿ, ನಂಬದೆ ಮಾವನವರಿಗೆ ತೋರಿಸಿದಳು. ಅವರು ಕನ್ನಡಕ ಹಾಕಿಕೊಂಡು ಓದಿ, ಅವಳ ತಲೆಯ ಮೇಲೆ ಕೈಯಿಟ್ಟರು. ಮೇಡಂಗೆ ಫೋನ್ ಮಾಡಿದರೆ, "ನಂದೇನಿಲ್ಲ, ಹಾಳೆ ನಿಮ್ಮದೇ ಇತ್ತು," ಎಂದರು. "ಮೇಡಂ, ನೀವು ಅವತ್ತು ಫೋನ್ ಇಟ್ಟುಬಿಟ್ಟಿದ್ರೆ ನಾನು ಅಲ್ಲಿಗೇ ನಿಲ್ತಿದ್ದೆ. ನಿಮ್ಮನ್ನ ಈ ಜನ್ಮದಲ್ಲಿ ಮರೆಯಲ್ಲ," ಎಂದಳು ಸೊಸೆ, ಮನಸ್ಸಿನಲ್ಲಿದ್ದುದನ್ನು ಇದ್ದ ಹಾಗೇ. ಇಂಥ ಮಾತನ್ನು ಹೇಳಲು ನಾಚಿಕೆಯಾಗುತ್ತದೆಂದು ಜನ ಹೇಳದೇ ಉಳಿಯುತ್ತಾರೆ. ಅವಳು ಉಳಿಯಲಿಲ್ಲ, ಒಳ್ಳೆಯದೇ ಮಾಡಿದಳು.

ಹಿರಿಯ ತಂತ್ರಜ್ಞ ಹೋದರು, ಕುರ್ಚಿ ಅವಳಿಗೆ ಬಂತು. ಎರಡನೇ ವಾರದ ಒಂದು ಬೆಳಗ್ಗೆ ಲ್ಯಾಬಿನ ಬೆಂಚಿನ ತುಂಬ ಜನ. ಅವಳು "ಹನ್ನೊಂದು" ಎಂದು ಕೂಗಿ ತಲೆ ಎತ್ತಿದರೆ, ಟೋಕನ್ ಹಿಡಿದು ಒಳಗೆ ಬಂದವರು ಅತ್ತೆ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಕೈಚೀಲದಿಂದ ಮಡಿಕೆ ಮಡಿಕೆಯಲ್ಲೂ ಹರಿಯುವಂತಿದ್ದ ಒಂದು ಚೀಟಿ ತೆಗೆದುಕೊಟ್ಟರು.

"ಅತ್ತೆ, ಇದು ಮೂರು ವರ್ಷದ ಹಿಂದೆ ಬರೆದುಕೊಟ್ಟ ಟೆಸ್ಟು."

"ಗೊತ್ತು."

"ಇಷ್ಟು ದಿನ ಯಾಕೆ ಮಾಡಿಸ್ಲಿಲ್ಲ? ತಲೆ ಸುತ್ತುತ್ತೆ ಅಂತ ಎಷ್ಟು ಸಲ ಕೂತಿದ್ರಿ ಅಡುಗೆಮನೇಲಿ."

ಅತ್ತೆ ಕುರ್ಚಿಯಲ್ಲಿ ಕೂತು, ತೋಳನ್ನು ಮೇಜಿನ ಮೇಲೆ ಇಡಲೋ ಬೇಡವೋ ಎಂಬಂತೆ ಹಿಡಿದಿದ್ದರು. "ಸೂಜಿ ಅಂದ್ರೆ ನಂಗೆ ಭಯ ಕಣೆ. ಅರವತ್ತೆರಡು ವರ್ಷದ ಹೆಂಗಸು ಭಯ ಅಂತ ಯಾರ ಹತ್ರ ಹೇಳ್ಲಿ? ಅವತ್ತು ನೀನು ಫೋನಲ್ಲಿ ಗೊತ್ತಾಗ್ತಿಲ್ಲ ಅಂದ್ಯಲ್ಲ, ಅಷ್ಟು ಓದಿದವರ ಎದುರಿಗೆ. ಸೊಪ್ಪು ಬಿಡಿಸ್ತಾ ಕೇಳ್ದೆ. ನೀನು ಅಷ್ಟು ದೂರದವರಿಗೆ ಬಾಯಿಬಿಟ್ಟು ಹೇಳ್ಬಹುದಾದ್ರೆ, ನಾನು ನನ್ನ ಸೊಸೆಗೆ ಹೇಳೋಕೇನು ಅನ್ನಿಸ್ತು. ನೀನು ಈ ಕುರ್ಚಿಗೆ ಬರ್ಲಿ ಅಂತ ಕಾದೆ."

ಸೊಸೆ ಅತ್ತೆಯ ತೋಳನ್ನು ಮೆಲ್ಲಗೆ ಎಳೆದು ಮೇಜಿನ ಮೇಲಿಟ್ಟುಕೊಂಡಳು.

"ಹೆಸರು ಹೇಳಿ ಅತ್ತೆ."

"ನನ್ನ ಹೆಸರು ನಿಂಗೆ ಗೊತ್ತಿಲ್ವಾ?"

"ನಿಯಮ. ಬಂದವರು ತಾವೇ ಬಾಯಲ್ಲಿ ಹೇಳ್ಬೇಕು."

ಅತ್ತೆ ತಮ್ಮ ಹೆಸರನ್ನು ತಂದೆಯ ಹೆಸರಿನ ಸಮೇತ ಹೇಳಿದರು. ಸೊಸೆ ಕೊಳವೆಗೆ ಚೀಟಿ ಅಂಟಿಸಿದಳು, ತೋಳಿಗೆ ಪಟ್ಟಿ ಬಿಗಿದಳು.

"ಈಗ ಕಣ್ಣು ಮುಚ್ಚಿಕೊಂಡು ವಿಳಾಸ ಹೇಳಿ. ಮನೆ ಹೇಗೆ ಹೋಗೋದು ಅಂತಾನೂ ಹೇಳಿ."

ಅತ್ತೆ ಕಣ್ಣು ಬಿಗಿಯಾಗಿ ಮುಚ್ಚಿ, ಬಸ್ಸಿಳಿಯುವ ಜಾಗದಿಂದ ಶುರುಮಾಡಿದರು. ಬಲಕ್ಕೆ ತಿರುಗಿ, ಸೋಫಾ ಅಂಗಡಿ ದಾಟಿ, ನೀರಿನ ಟ್ಯಾಂಕಿನ ಪಕ್ಕದ ಸಂದು, ಹಸಿರು ಗೇಟು. ಗೇಟಿನವರೆಗೆ ಬಂದು ಕೇಳಿದರು:

"ಯಾವಾಗ ಚುಚ್ತೀಯ?"

"ಆಯ್ತು ಅತ್ತೆ."

"ಯಾವಾಗ ಚುಚ್ಚಿದೆ?"

"ನೀವು ನಮ್ಮನೆ ದಾರಿ ಹೇಳ್ತಿದ್ದಾಗ."